ಯಳಂದೂರಿನ ಇಬ್ಬರು ಕವಿಗಳು ಮತ್ತು ನಮ್ಮ ಮಠಗಳ ಕೆಲಸ



ನಮ್ಮ ಸಾಹಿತ್ಯದ ಇತಿಹಾಸ ಹೇಳುವಾಗ ನಾವೆಲ್ಲ ಒಂದು ರೂಢಿ ಬೆಳೆಸಿಕೊಂಡಿದ್ದೇವೆ. 12ನೆಯ ಶತಮಾನದ ಕಲ್ಯಾಣದಿಂದ ಮಾತು ಆರಂಭಿಸುತ್ತೇವೆ. ಹರಿಹರ, ರಾಘವಾಂಕರ ಹೆಸರು ಹೇಳಿ, ಶೂನ್ಯಸಂಪಾದನೆಯನ್ನು ನೆನೆದು, ಅಲ್ಲಿಂದ ನೇರವಾಗಿ 1923ಕ್ಕೆ, ಡಾ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ಕ್ಕೆ ಬಂದು ನಿಲ್ಲುತ್ತೇವೆ. ನಡುವೆ ಕಳೆದ ಮೂರ್ನಾಲ್ಕು ನೂರು ವರ್ಷಗಳನ್ನು ‘ಅವನತಿಯ ಕಾಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಬಸವ ಜಯಂತಿಯ ಭಾಷಣಗಳಲ್ಲಿ ಹಾಗೆ ಹೇಳಿದರೆ ಚಪ್ಪಾಳೆಯೂ ಬೀಳುತ್ತದೆ.

ಆದರೆ ಒಂದು ಸರಳ ಪ್ರಶ್ನೆ ಕೇಳಿಕೊಳ್ಳೋಣ. ಹಳಕಟ್ಟಿಯವರು ಊರೂರು ಅಲೆದು, ಮನೆ ಮನೆ, ಮಠ ಮಠದ ಕದ ತಟ್ಟಿ ಸಂಗ್ರಹಿಸಿದ ಓಲೆಗರಿಗಳು ಬಸವಣ್ಣನವರ ಕಾಲದವೇ? ಅಲ್ಲ. ಓಲೆಗರಿಗೆ ಆಯುಷ್ಯವಿದೆ. ಗೆದ್ದಲು, ತೇವ, ಬೆಂಕಿ ಎಲ್ಲವನ್ನೂ ದಾಟಿದರೂ ಕೆಲವು ನೂರು ವರ್ಷಗಳಲ್ಲಿ ಅದು ಪುಡಿಯಾಗುತ್ತದೆ. ಅಷ್ಟರೊಳಗೆ ಯಾರಾದರೂ ಕೂತು, ಕಂಠದಿಂದ ಹೊಸ ಗರಿಯ ಮೇಲೆ ಕೊರೆದು ಪ್ರತಿ ಮಾಡಿದರೆ ಮಾತ್ರ ಕೃತಿ ಉಳಿಯುತ್ತದೆ. ಅಂದರೆ ಹಳಕಟ್ಟಿಯವರ ಕೈಗೆ ಬಂದವು ಪ್ರತಿಯ ಪ್ರತಿಗಳು. ನಾವು ‘ಅವನತಿ’ ಎಂದು ತಳ್ಳಿಹಾಕುವ ಕಾಲದಲ್ಲಿಯೇ ಹೆಸರಿಲ್ಲದ ಜಂಗಮರು, ಮಠದ ವಿದ್ಯಾರ್ಥಿಗಳು, ಭಕ್ತರ ಮನೆಯ ಲಿಪಿಕಾರರು ಆ ಕೆಲಸ ಮಾಡಿದ್ದಾರೆ. ಅವರು ಇಲ್ಲದಿದ್ದರೆ ನಮಗೆ ವಚನಗಳೂ ಇಲ್ಲ, ಇಂದಿನ ಸುಧಾರಣೆಯ ಮಾತೂ ಇಲ್ಲ.

ಆದ್ದರಿಂದ ಈ ಸಂಚಿಕೆಯಲ್ಲಿ ಆ ನಡುಗಾಲದ ಒಂದು ಸಣ್ಣ ತುಂಡನ್ನು, 17ನೆಯ ಶತಮಾನದ ಉತ್ತರಾರ್ಧವನ್ನು, ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತನಾದವನು, ಸಾಹಿತ್ಯದ ವಿದ್ವಾಂಸನಲ್ಲ. ಆದರೂ ಆ ಕಾಲದ ಕವಿಗಳಿಂದ ನಮ್ಮ ಮಠಗಳೂ ನಮ್ಮ ಸಂಘಟನೆಗಳೂ ಕಲಿಯಬೇಕಾದ ಒಂದು ಪಾಠವಿದೆ ಎಂದು ನನಗೆ ದೃಢವಾಗಿ ಅನ್ನಿಸಿದೆ.

ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಸುವರ್ಣಾವತಿ ಹೊಳೆಯ ದಡದಲ್ಲಿ ಯಳಂದೂರು ಇದೆ. ಆಗ ಅದು ಹದಿನಾಡು ಸೀಮೆಗೆ ಸೇರಿದ ಸಣ್ಣ ಪಾಳೆಯಪಟ್ಟು. ಈ ಒಂದೇ ಊರು ಒಂದೇ ಕಾಲಘಟ್ಟದಲ್ಲಿ ಕನ್ನಡಕ್ಕೆ ಇಬ್ಬರು ಕವಿಗಳನ್ನು ಕೊಟ್ಟಿತು. ಒಬ್ಬರು ಅಲ್ಲಿಯ ವೀರಶೈವ ಮಠದ ಅಧಿಪತಿಗಳಾಗಿದ್ದ ಷಡಕ್ಷರದೇವರು. ಇನ್ನೊಬ್ಬರು ಆ ಊರಿನಿಂದ ಮೈಸೂರು ಅರಮನೆಗೆ ಹೋಗಿ ರಾಣಿಯ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗ ಮಾಡುತ್ತಿದ್ದ ಹೊನ್ನಮ್ಮ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಆ ಕಾಲದ ನಮ್ಮ ನಾಡು ಅರ್ಥವಾಗುತ್ತದೆ.

ಷಡಕ್ಷರದೇವರು ಮಳವಳ್ಳಿ ಸೀಮೆಯ ಧನಗೂರಿನವರು. ಸಂಸ್ಕೃತ, ಕನ್ನಡ ಎರಡರಲ್ಲೂ ಪ್ರಕಾಂಡ ಪಂಡಿತರು. ಕನ್ನಡದಲ್ಲಿ ‘ರಾಜಶೇಖರ ವಿಳಾಸ’, ‘ವೃಷಭೇಂದ್ರ ವಿಜಯ’, ‘ಶಬರಶಂಕರ ವಿಳಾಸ’ ಎಂಬ ಮೂರು ಚಂಪೂ ಕಾವ್ಯಗಳನ್ನು ಬರೆದರು. ಸಂಸ್ಕೃತದಲ್ಲಿಯೂ ಕೃತಿಗಳಿವೆ. ಗದ್ಯವೂ ವೃತ್ತ ಕಂದಗಳೂ ಬೆರೆತ ಚಂಪೂ ಎಂದರೆ ಪಂಪ, ರನ್ನರ ಮಾರ್ಗ. ಹಳಗನ್ನಡದ ಬಿಗಿ ಅದರ ಗುಣ. ಷಡಕ್ಷರದೇವರ ಹೊತ್ತಿಗೆ ಆ ಮಾರ್ಗದಲ್ಲಿ ನಡೆಯುವವರು ವಿರಳರಾಗಿದ್ದರು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ ಕೊನೆಯ ದೊಡ್ಡ ಕವಿ ಎಂಬ ಕೀರ್ತಿ ಅವರಿಗೆ ಸಲ್ಲುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. ಚಂಪುವಿನ ಒಡ್ಡನ್ನು ಮೊದಲು ಒಡೆದದ್ದು ನಮ್ಮ ಶರಣ ಪರಂಪರೆಯೇ. ಶರಣರು ಆಡುಮಾತಿಗೆ ಹತ್ತಿರವಾದ ವಚನವನ್ನು ತಂದರು. ಹರಿಹರ ಶರಣರ ಕಥೆಗಳನ್ನು ರಗಳೆಯಲ್ಲಿ ಹೇಳಿದ. ರಾಘವಾಂಕ ಷಟ್ಪದಿಗೆ ದಾರಿ ಮಾಡಿದ. 1369ರಲ್ಲಿ ಭೀಮಕವಿ ಬಸವಪುರಾಣವನ್ನು ಷಟ್ಪದಿಯಲ್ಲಿಯೇ ಬರೆದ. ಹಾಡಲು ಬರುವ, ಕೇಳಿದರೆ ಅರ್ಥವಾಗುವ ಛಂದಸ್ಸುಗಳು ಇವು. ಮೂರು ನೂರು ವರ್ಷಗಳ ಬಳಿಕ, 1670ರ ದಶಕದಲ್ಲಿ, ಅದೇ ಬಸವಣ್ಣನವರ ಚರಿತ್ರೆಯನ್ನು ಷಡಕ್ಷರದೇವರು ಮತ್ತೆ ಚಂಪುವಿಗೆ ತೆಗೆದುಕೊಂಡು ಹೋದರು. ಅದೇ ‘ವೃಷಭೇಂದ್ರ ವಿಜಯ’. ಹೆಸರೇ ಹೇಳುವಂತೆ ಅಲ್ಲಿಯ ಬಸವಣ್ಣನವರು ಕೈಲಾಸದಿಂದ ಇಳಿದುಬಂದ ನಂದಿ. ನಂದಿಯ ಅವತಾರದ ಕಥೆಯನ್ನು ಷಡಕ್ಷರದೇವರು ಹುಟ್ಟಿಸಲಿಲ್ಲ. ತೆಲುಗಿನ ಪಾಲ್ಕುರಿಕೆ ಸೋಮನಾಥನಿಂದಲೇ ಅದು ಬೆಳೆದು ಬಂದಿತ್ತು. ಆದರೆ ಮಹಾಕಾವ್ಯದ ಅಲಂಕಾರ, ವರ್ಣನೆಗಳ ಅಂಬಾರಿಯಲ್ಲಿ ಕೂರಿಸಿದ ಮೇಲೆ, ಬಿಜ್ಜಳನ ಭಂಡಾರದ ಲೆಕ್ಕ ಬರೆದ, ಮಾದಾರರ ಮನೆಯ ಮಕ್ಕಳೊಂದಿಗೆ ಕೂತು ಮಾತಾಡಿದ ಆ ಮನುಷ್ಯ ನಮ್ಮ ಕಣ್ಣಿಗೆ ಇನ್ನಷ್ಟು ದೂರವಾದರು.

ಹೀಗೇಕೆ ಮಾಡಿದರು ಎಂದು ಕೇಳುವಾಗ ನ್ಯಾಯವಾಗಿ ಕೇಳಬೇಕು. ಆ ಕಾಲದಲ್ಲಿ ಒಂದು ಧರ್ಮಕ್ಕೆ ಮನ್ನಣೆ ಸಿಗಬೇಕಾದರೆ ಪಂಡಿತರ ಸಭೆಯಲ್ಲಿ ಅದಕ್ಕೆ ಸ್ಥಾನ ಬೇಕಿತ್ತು. ಪಂಡಿತರ ಸಭೆ ಒಪ್ಪುವುದು ಶಾಸ್ತ್ರವನ್ನು, ಸಂಸ್ಕೃತವನ್ನು, ಮಹಾಕಾವ್ಯವನ್ನು. ನಮ್ಮ ಧರ್ಮದ ದೊರೆಗಳಾಗಿದ್ದ ಕೆಳದಿಯವರನ್ನೇ ನೋಡಿ. 1671ರ ಸುಮಾರಿನಿಂದ 1697ರವರೆಗೆ ಆಳಿದ ಚೆನ್ನಮ್ಮಾಜಿ, ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಧೀರೆ. ಅವರ ದತ್ತುಪುತ್ರ ಬಸವರಾಜ ಸ್ವತಃ ವಿದ್ವಾಂಸ. ಆತ 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ ಒಂದು ವಿಶ್ವಕೋಶವೇ ಸರಿ. ಆದರೆ ಅದು ಇರುವುದು ಸಂಸ್ಕೃತದಲ್ಲಿ. ಶರಣರು ತಿಳಿಗನ್ನಡದಲ್ಲಿ ದೇವರೊಂದಿಗೆ ಮಾತಾಡಿದ ಐದು ನೂರು ವರ್ಷಗಳ ನಂತರ, ಅವರದೇ ಧರ್ಮದ ದೊರೆ ಶಿವತತ್ತ್ವವನ್ನು ಸಂಸ್ಕೃತದಲ್ಲಿ ಬರೆಯಬೇಕಾಯಿತು. ಇದನ್ನು ಒಬ್ಬಿಬ್ಬರ ಹಿರಿಮೆಯ ಆಸೆ ಎಂದು ಹೇಳಿದರೆ ತಪ್ಪಾಗುತ್ತದೆ. ಮನ್ನಣೆಯ ಬಾಗಿಲು ಎಲ್ಲಿದೆಯೋ ಅಲ್ಲಿಗೆ ಇಡೀ ಸಮಾಜ ಹೋಗಿ ನಿಂತಿತ್ತು.

ಮನ್ನಣೆ ದೊರೆಯಿತು. ಬೆಲೆಯನ್ನೂ ತೆತ್ತೆವು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಜಲಾಶಯದ ಎತ್ತರ ನೋಡಿ ನೀರಾವರಿಯನ್ನು ಅಳೆಯುವುದಿಲ್ಲ. ಮುಖ್ಯ ನಾಲೆಯಿಂದ ವಿತರಣಾ ನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ಇಳಿದು ಅಚ್ಚುಕಟ್ಟಿನ ಕೊನೆಯ ರೈತನ ಗದ್ದೆ ನೆನೆಯಿತೇ ಎಂಬುದೇ ಲೆಕ್ಕ. ಕೊನೆಯ ಗದ್ದೆ ಒಣಗಿದ್ದರೆ ಅಣೆಕಟ್ಟು ಎಷ್ಟೇ ಭವ್ಯವಾಗಿರಲಿ, ಕೆಲಸ ಅರ್ಧವಾದಂತೆ. ‘ವೃಷಭೇಂದ್ರ ವಿಜಯ’ ದೊಡ್ಡ ಜಲಾಶಯ. ಅದರ ನೀರು ಗಾಣದವನಿಗೆ, ನೇಕಾರನಿಗೆ, ಉಳುವವನಿಗೆ, ಅವರ ಮನೆಯ ಹೆಣ್ಣುಮಕ್ಕಳಿಗೆ ತಲುಪಲು ಪಂಡಿತನೆಂಬ ತೂಬು ಬೇಕಿತ್ತು. ಯಾರ ಬದುಕಿನಿಂದ ಶರಣ ಧರ್ಮ ಹುಟ್ಟಿತೋ ಅವರೇ ತಮ್ಮ ಗುರುವಿನ ಕಥೆ ಕೇಳಲು ಇನ್ನೊಬ್ಬರ ಬಾಯಿ ನೋಡಬೇಕಾಯಿತು.

ಇಷ್ಟು ಹೇಳಿ ಷಡಕ್ಷರದೇವರನ್ನು ಪಕ್ಕಕ್ಕೆ ಇಟ್ಟುಬಿಡಬೇಡಿ. ಅವರ ‘ರಾಜಶೇಖರ ವಿಳಾಸ’ದಲ್ಲಿ ಒಂದು ಸನ್ನಿವೇಶವಿದೆ. ಕಥೆ ಅವರಿಗಿಂತ ಹಳೆಯದು. ಗುಬ್ಬಿಯ ಮಲ್ಲಣಾರ್ಯನ ‘ಭಾವಚಿಂತಾರತ್ನ’ದಲ್ಲಿಯೂ ಇದೇ ಕಥೆಯಿದೆ. ಸತ್ಯೇಂದ್ರಚೋಳನೆಂಬ ಅರಸನ ಮಗ ರಾಜಶೇಖರ. ರಾಜಕುಮಾರರ ಕುದುರೆ ಸವಾರಿಯ ಭರದಲ್ಲಿ ಬೀದಿಯ ಹುಡುಗನೊಬ್ಬ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಆ ಹುಡುಗನ ತಾಯಿ ತಿರುಕೊಳವಿನಾಚಿ. ಮಗನ ಶವದ ಮುಂದೆ ಆಕೆಯ ಗೋಳು, ಆಮೇಲೆ ಅರಮನೆಯ ಮುಂದೆ ಆಕೆ ಕೇಳುವ ನ್ಯಾಯ ಇಡೀ ಕಾವ್ಯದ ಜೀವ. ಅರಸನು ತನ್ನ ಸ್ವಂತ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವನೇ ಪ್ರತ್ಯಕ್ಷನಾಗುತ್ತಾನೆ.

ತಿರುಕೊಳವಿನಾಚಿಯ ಶೋಕದ ಭಾಗ ಕನ್ನಡ ಕಾವ್ಯದ ಕರುಣರಸದ ಶ್ರೇಷ್ಠ ಭಾಗಗಳಲ್ಲಿ ಒಂದೆಂದು ಬಲ್ಲವರು ಹೇಳುತ್ತಾರೆ. ನನ್ನಂಥ ಸಾಮಾನ್ಯ ಓದುಗನಿಗೂ ಅಲ್ಲಿ ನಿಘಂಟಿನ ನೆರವು ಕಡಿಮೆ ಸಾಕಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮಾತು ಕೊಡಬೇಕಾದಾಗ ಪ್ರಕಾಂಡ ಪಂಡಿತನೂ ಪಾಂಡಿತ್ಯವನ್ನು ಕೆಳಗಿಳಿಸಿ ಇಡುತ್ತಾನೆ. ಬಡವಿಯ ಅಳು ಅರಮನೆಯ ಒಳಗೆ ಕೇಳಿಸಲೇಬೇಕು, ಅರಸನಾದರೂ ನ್ಯಾಯದ ಮುಂದೆ ಉಳಿದವರಂತೆಯೇ ಒಬ್ಬ ಎಂಬುದು ಶರಣರ ಮಾತೇ. ಚಂಪುವಿನ ಕಲ್ಲುಗೋಡೆಯ ಬಿರುಕಿನಿಂದ ಕಲ್ಯಾಣದ ದನಿ ಇಲ್ಲಿ ಹೊರಗೆ ಬಂದಿದೆ.

ಈ ಕಾವ್ಯ ಹುಟ್ಟಿದ್ದು 1650ರ ದಶಕದಲ್ಲಿ. ಅದಾದ ಮೂವತ್ತು ವರ್ಷಗಳಲ್ಲಿ ಅದೇ ಮೈಸೂರು ಸೀಮೆಯಲ್ಲಿ ಏನಾಯಿತು ಎಂಬುದನ್ನೂ ನಾವು ನೆನಪಿಡಬೇಕು. 1673ರಿಂದ 1704ರವರೆಗೆ ಚಿಕ್ಕದೇವರಾಜ ಒಡೆಯರು ಆಳಿದರು. ಆಡಳಿತದಲ್ಲಿ ಸಮರ್ಥರು, ಸಾಹಿತ್ಯಕ್ಕೆ ದೊಡ್ಡ ಆಶ್ರಯದಾತರು. ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ ಮೊದಲಾದವರು ಅವರ ಆಸ್ಥಾನದಲ್ಲಿದ್ದರು. ನಮಗೆ ದೊರೆತಿರುವ ಕನ್ನಡದ ಮೊದಲ ನಾಟಕ ‘ಮಿತ್ರವಿಂದಾಗೋವಿಂದ’ ಸಿಂಗರಾರ್ಯನದು. ಇದೇ ದೊರೆಯ ಕಾಲದಲ್ಲಿ ಕಂದಾಯದ ಭಾರ ತಾಳಲಾರದೆ ರೈತರು ಎದ್ದರು. ಜಂಗಮರು ಅವರ ಬೆನ್ನಿಗೆ ನಿಂತರೆಂದೂ, ಅದಕ್ಕಾಗಿ ಅನೇಕ ಜಂಗಮರು ನಂಜನಗೂಡಿನ ಬಳಿ ಪ್ರಾಣ ತೆತ್ತರೆಂದೂ, 700ಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲು ಆಜ್ಞೆಯಾಯಿತೆಂದೂ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಮೈಸೂರಿನ ಚರಿತ್ರೆ ಬರೆದ ಸಿ. ಹಯವದನರಾಯರು ಈ ವಿವರಣೆಯನ್ನು ಪ್ರಶ್ನಿಸಿದ್ದಾರೆ. ಸಂಖ್ಯೆಯ ಚರ್ಚೆಯನ್ನು ಇತಿಹಾಸಕಾರರಿಗೆ ಬಿಡೋಣ. ಈ ಪ್ರಸಂಗವನ್ನು ಇಂದು ಯಾರ ಮೇಲೂ ದ್ವೇಷ ಸಾಧಿಸಲು ಬಳಸುವುದು ಶರಣರಿಗೆ ತಕ್ಕದ್ದಲ್ಲ. ನಾನು ಹೇಳಬೇಕಾದದ್ದು ಬೇರೆ. ಆಸ್ಥಾನದ ಕಾವ್ಯಗಳು ದೊರೆಯ ಕೀರ್ತಿಯನ್ನು ಹಾಡುವುದಕ್ಕೆ ಹುಟ್ಟಿದವು. ಕಂದಾಯ ಕಟ್ಟಲಾಗದ ರೈತನ ದನಿಗೆ ಅಲ್ಲಿ ಜಾಗವಿರಲಿಲ್ಲ. ಯಾರ ಅನ್ನ ಉಂಡು ಕವಿ ಬರೆಯುತ್ತಾನೆ ಎಂಬುದು ಯಾರ ಮಾತು ಕಾವ್ಯದೊಳಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇದು ಆಸ್ಥಾನಕ್ಕೆ ಎಷ್ಟು ನಿಜವೋ ಮಠಕ್ಕೂ ಅಷ್ಟೇ ನಿಜ.

ಅದೇ ಆಸ್ಥಾನದೊಳಗಿನಿಂದಲೇ ಇನ್ನೊಂದು ದನಿ ಎದ್ದಿತು. ಸಂಚಿಯ ಹೊನ್ನಮ್ಮ ದೊಡ್ಡ ಮನೆತನದವರಲ್ಲ, ಗುರುಕುಲದಲ್ಲಿ ಓದಿದವರಲ್ಲ. ಅರಮನೆಯ ಊಳಿಗದ ನಡುವೆ ಅಕ್ಷರ ಕಲಿತು ‘ಹದಿಬದೆಯ ಧರ್ಮ’ ಬರೆದರು. ಅವರು ಆರಿಸಿಕೊಂಡದ್ದು ಸಾಂಗತ್ಯ. ಬೀಸುವಾಗ, ಕುಟ್ಟುವಾಗ, ಮಗುವನ್ನು ತೂಗುವಾಗ ಹೇಳಿಕೊಳ್ಳಬಹುದಾದ ಮಟ್ಟು ಅದು. ಮಾತು ಮನೆಯೊಳಗಿನ ಮಾತು. ಹೆಂಡತಿಯ ಕರ್ತವ್ಯಗಳನ್ನು ಹೇಳುವ ಆ ಕೃತಿಯ ಎಲ್ಲವನ್ನೂ ಇಂದು ನಾವು ಒಪ್ಪಲಾಗದು. ಅಕ್ಕಮಹಾದೇವಿಯನ್ನು ಓದಿದವರಿಗೆ ಅಲ್ಲಿಯ ಪತಿಭಕ್ತಿಯ ಉಪದೇಶ ಇರುಸುಮುರುಸಾಗುವುದು ಸಹಜ. ಆದರೆ ಅದೇ ಕೃತಿಯಲ್ಲಿ, ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸುವವರನ್ನು ಹೊನ್ನಮ್ಮ ನೇರವಾಗಿ ಪ್ರಶ್ನಿಸುತ್ತಾರೆ. ಹೆತ್ತು ಹೊತ್ತು ಸಾಕಿದವಳು ಹೆಣ್ಣಾಗಿರುವಾಗ ಹೆಣ್ಣನ್ನು ಹಳಿಯುವುದು ಕುರುಡುತನ ಎಂಬುದು ಅವರ ವಾದ. ಇಂದಿಗೂ ಶಾಲೆಯ ಮಕ್ಕಳಿಗೆ ಅವರ ಪದ್ಯ ಅರ್ಥವಾಗುತ್ತದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

‘ಹೊನ್ನಮ್ಮ ನಮ್ಮ ಸಂಪ್ರದಾಯದವರಲ್ಲ, ಅವರ ಮಾತು ನಮಗೇಕೆ?’ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಮರುಪ್ರಶ್ನೆ ಇದು. 12ನೆಯ ಶತಮಾನದಲ್ಲಿ 30ಕ್ಕೂ ಹೆಚ್ಚು ಶರಣೆಯರು ವಚನ ಬರೆದರು. ಕದಿರ ಕಾಯಕದ ರೆಮ್ಮವ್ವೆ, ಸೂಳೆ ಸಂಕವ್ವೆ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಎಂದು ದುಡಿಯುವ ಹೆಣ್ಣುಮಕ್ಕಳ ಸಾಲೇ ಇದೆ. ಐದು ನೂರು ವರ್ಷಗಳ ಬಳಿಕ ಮೈಸೂರು ಸೀಮೆಯಲ್ಲಿ ದುಡಿಯುವ ಹೆಣ್ಣಿನ ದನಿ ಎಂದು ಸಾಹಿತ್ಯ ಚರಿತ್ರೆಯಲ್ಲಿ ಎದ್ದು ಕಾಣುವ ಹೆಸರು ಅರಮನೆಯ ಊಳಿಗದ ಹೊನ್ನಮ್ಮನದು. ನಮ್ಮ ಮಠಗಳಲ್ಲಿ ಆಗ ಓದು ಬರಹ ನಡೆಯುತ್ತಿತ್ತು, ಪ್ರತಿ ಮಾಡುವ ಕೆಲಸ ನಡೆಯುತ್ತಿತ್ತು, ಕಾವ್ಯ ರಚನೆ ನಡೆಯುತ್ತಿತ್ತು. ಆ ಜಗಲಿಯ ಮೇಲೆ ರೆಮ್ಮವ್ವೆಯ ಮೊಮ್ಮಕ್ಕಳಿಗೆ ಎಷ್ಟು ಜಾಗವಿತ್ತು? ಕೆಳದಿಯಲ್ಲಿ ಒಬ್ಬ ಶರಣೆ ರಾಜ್ಯವನ್ನೇ ಆಳಿದ ಕಾಲದಲ್ಲಿ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ.

ಆ ಕಾಲದಲ್ಲಿಯೇ ನಮ್ಮವರೊಬ್ಬರು ಇನ್ನೊಂದು ದಾರಿ ಹಿಡಿದಿದ್ದರು. 1672ರ ಸುಮಾರಿನಲ್ಲಿ ಶಾಂತಲಿಂಗದೇಶಿಕರು ‘ಭೈರವೇಶ್ವರ ಕಾವ್ಯದ ಕಥಾಮಣಿ ಸೂತ್ರ ರತ್ನಾಕರ’ವನ್ನು ಬರೆದರು. ಕಿಕ್ಕೇರಿ ನಂಜುಂಡನ ‘ಭೈರವೇಶ್ವರ ಕಾವ್ಯ’ದಲ್ಲಿ ಸೂಚನೆಯಾಗಿ ಬರುವ ಶಿವಶರಣರ ಕಥೆಗಳನ್ನು ಬಿಡಿಸಿ, ಒಂದೊಂದನ್ನೂ ಗದ್ಯದಲ್ಲಿ ಹೇಳುವ ಸಂಕಲನ ಅದು. ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಸಿಗುವುದು ಒಂದೆರಡು ಸಾಲು. ಆದರೆ ಎಷ್ಟೋ ಶರಣರ ಬದುಕಿನ ವಿವರಗಳಿಗೆ ಸಂಶೋಧಕರು ಇಂದಿಗೂ ಮೊರೆಹೋಗುವುದು ಆ ಗ್ರಂಥಕ್ಕೆ. ಷಡಕ್ಷರದೇವರು ‘ವೃಷಭೇಂದ್ರ ವಿಜಯ’ದಂಥ ಜಲಾಶಯ ಕಟ್ಟುತ್ತಿದ್ದ ದಶಕದಲ್ಲಿಯೇ ಶಾಂತಲಿಂಗದೇಶಿಕರು ಸದ್ದಿಲ್ಲದೆ ಹೊಲಗಾಲುವೆ ತೋಡುತ್ತಿದ್ದರು. ಎರಡೂ ಕೆಲಸ ಬೇಕು. ಆದರೆ ಎರಡನೆಯದಕ್ಕೆ ಹಾರ ತುರಾಯಿ ಇಲ್ಲ. ಅದಕ್ಕೇ ಅದನ್ನು ಮಾಡುವವರು ಕಡಿಮೆ.

ಈಗ ನಮ್ಮ ಕಾಲಕ್ಕೆ ಬರೋಣ. ಜಾತ್ರೆ, ಪಟ್ಟಾಧಿಕಾರ, ರಜತ ಮಹೋತ್ಸವಗಳ ಸಂದರ್ಭದಲ್ಲಿ ನಮ್ಮಲ್ಲಿ ಎಷ್ಟೊಂದು ಗ್ರಂಥಗಳು ಹೊರಬರುತ್ತವೆ! ನುಣುಪಾದ ಕಾಗದ, ಬಣ್ಣದ ಚಿತ್ರಗಳು, ಎರಡು ಕೈಯಲ್ಲಿ ಎತ್ತಬೇಕಾದ ತೂಕ. ವೇದಿಕೆಯಲ್ಲಿ ಬಿಡುಗಡೆಯಾಗಿ, ಗಣ್ಯರ ಕೈಸೇರಿ, ಗಾಜಿನ ಕಪಾಟಿನಲ್ಲಿ ಕೂರುತ್ತವೆ. ಒಳಗಿನ ಭಾಷೆ ವಿದ್ವಾಂಸರು ವಿದ್ವಾಂಸರಿಗಾಗಿ ಬರೆದದ್ದು. ದಾಸೋಹದ ಮನೆಯಲ್ಲಿ ರೊಟ್ಟಿ ತಟ್ಟುವ ತಾಯಂದಿರು, ತೇರು ಎಳೆಯುವ ಯುವಕರು ಅದರ ಒಂದು ಪುಟ ಓದುತ್ತಾರೆಯೇ? ನಂದಿಯ ಅವತಾರವನ್ನು ಒಪ್ಪುವುದಿಲ್ಲವೆಂದು ವಾದಿಸುವ ನಮ್ಮ ಸುಧಾರಕ ಬಳಗವೂ ಇದಕ್ಕೆ ಹೊರತಲ್ಲ. ನಮ್ಮ ಲೇಖನಗಳ ಕನ್ನಡ ಕೂಡ ಎಷ್ಟೋ ಸಲ ಚಂಪುವೇ ಆಗಿರುತ್ತದೆ. ಬಸವಣ್ಣನವರನ್ನು ಪುರಾಣದಿಂದ ಬಿಡಿಸಿ ಪಾಂಡಿತ್ಯದಲ್ಲಿ ಕಟ್ಟಿಹಾಕಿದರೆ ಕೊನೆಯ ಗದ್ದೆಯವನಿಗೆ ಏನು ಬಂದಂತಾಯಿತು?

ಆದ್ದರಿಂದ ಪೂಜ್ಯರ ಮುಂದೆಯೂ ಭಕ್ತರ ಮುಂದೆಯೂ ಮೂರು ಕೆಲಸಗಳನ್ನು ವಿನಯದಿಂದ ಇಡುತ್ತಿದ್ದೇನೆ.

ಒಂದು, ಓಲೆಗರಿಗಳ ಗಣತಿ. ಅನೇಕ ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಪೂಜೆಗೆ ಇಟ್ಟಂತೆಯೇ ಇವೆ. ವಿಭೂತಿ ಕುಂಕುಮ ಏರಿಸಿದರೆ ಗರಿ ಉಳಿಯುವುದಿಲ್ಲ. ಕಟ್ಟು ಬಿಚ್ಚಿ, ಧೂಳು ತೆಗೆದು, ತಿಳಿದವರ ಕೈಯಿಂದ ನಿಂಬೆಹುಲ್ಲಿನ ಎಣ್ಣೆ ಸವರಿಸಿ, ಪ್ರತಿ ಗರಿಯ ಎರಡೂ ಬದಿಯ ಛಾಯಾಚಿತ್ರ ತೆಗೆಸಬೇಕು. ಮೂಲ ಗರಿ ಮಠದಲ್ಲಿಯೇ ಇರಲಿ. ಚಿತ್ರಗಳು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೂ ಹೋಗಲಿ. ದೊಡ್ಡ ಯಂತ್ರಗಳಿಗೆ ಕಾಯಬೇಕಾಗಿಲ್ಲ. ತಾಳ್ಮೆಯಿರುವ ಇಬ್ಬರು ಯುವಕರು ಮತ್ತು ಒಂದು ಒಳ್ಳೆಯ ಕ್ಯಾಮೆರಾ ಇದ್ದರೆ ಒಂದು ಮಠದ ಕೆಲಸ ಆರಂಭಿಸಬಹುದು.

ಎರಡು, ಪ್ರತಿ ದೊಡ್ಡ ಗ್ರಂಥದ ಜೊತೆಗೆ ಒಂದು ಚಿಕ್ಕ ಪುಸ್ತಕ. ಮಠವೊಂದು ಸಾವಿರ ಪುಟದ ಸಂಪುಟ ತರುವುದಾದರೆ, ಅದರ ಸಾರವನ್ನು ಐವತ್ತು ಪುಟಗಳಲ್ಲಿ, ದಪ್ಪ ಅಕ್ಷರಗಳಲ್ಲಿ, ಪ್ರಸಾದದ ಜೊತೆ ಹಂಚುವಷ್ಟು ಅಗ್ಗವಾಗಿ ಅಚ್ಚು ಹಾಕಿಸಲಿ. ತಿರುಕೊಳವಿನಾಚಿಯ ಕಥೆಯನ್ನು ತಿಳಿಗನ್ನಡದ ಗದ್ಯದಲ್ಲಿ ಕೊಟ್ಟರೆ ಷಡಕ್ಷರದೇವರಿಗೂ ಅದೇ ನಿಜವಾದ ಗೌರವ. ಅಚ್ಚಿಗೆ ಹೋಗುವ ಮೊದಲು ಆ ಪುಸ್ತಕವನ್ನು ದಾಸೋಹದ ಮನೆಯ ತಾಯಿಯೊಬ್ಬರಿಗೆ ಓದಿ ಹೇಳಲಿ. ಅವರು ತಡೆದು ‘ಹಂಗಂದ್ರೇನ್ರೀ?’ ಎಂದು ಕೇಳಿದ ಕಡೆಯಲ್ಲೆಲ್ಲ ವಾಕ್ಯ ತಿದ್ದಲಿ.

ಮೂರು, ಶ್ರಾವಣದ ಪ್ರವಚನದ ಪೀಠ. ತಿಂಗಳುಗಟ್ಟಲೆ ನಡೆಯುವ ಪುರಾಣ ಪ್ರವಚನವನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಜನ ಅದಕ್ಕಾಗಿ ಸೇರುತ್ತಾರೆ. ಆದರೆ ದಿನದ ಕಥೆ ಮುಗಿದ ಮೇಲೆ ಅದೇ ಶರಣರ ವಚನವೊಂದನ್ನು ಓದಿ, ಕಥೆಯಲ್ಲಿ ಪವಾಡವೆಷ್ಟು, ವಚನದಲ್ಲಿ ಬದುಕೆಷ್ಟು ಎಂದು ಜನರ ಜೊತೆ ಮಾತಾಡಲಿ. ವಾರದಲ್ಲಿ ಒಂದು ದಿನವಾದರೂ ಆ ಪೀಠದಲ್ಲಿ ಹೆಣ್ಣುಮಗಳು ಕೂತು ವಚನದ ಅರ್ಥ ಹೇಳಲಿ. ಪಂಡಿತೆಯೇ ಆಗಬೇಕೆಂದಿಲ್ಲ. ಅಂಗನವಾಡಿಯ ಕಾರ್ಯಕರ್ತೆ, ನೇಕಾರರ ಮನೆಯ ಸೊಸೆ, ಹೊಲದಲ್ಲಿ ದುಡಿಯುವವರು ಯಾರಾದರೂ ಸರಿ. ರೆಮ್ಮವ್ವೆ ರಾಟೆಯ ಮುಂದಿನಿಂದ ಎದ್ದು ಬಂದು ಮಾತಾಡಿದವರಲ್ಲವೇ?

ಷಡಕ್ಷರದೇವರ ಕಾಲದಲ್ಲಿ ಪಂಡಿತರ ಸಭೆ ಒಪ್ಪದಿದ್ದರೆ ಧರ್ಮಕ್ಕೆ ಉಳಿಗಾಲವಿಲ್ಲ ಎಂಬ ಒತ್ತಡವಿತ್ತು. ಅವರು ಆ ಒತ್ತಡಕ್ಕೆ ತಮ್ಮ ಪ್ರತಿಭೆಯಿಂದ ಉತ್ತರ ಕೊಟ್ಟರು. ಇಂದು ನಮಗೆ ಆ ಒತ್ತಡವಿಲ್ಲ. ಅಚ್ಚಿನ ಮನೆ ಇದೆ, ಶಾಲೆ ಕಾಲೇಜುಗಳಿವೆ, ಓದಬಲ್ಲ ಹೆಣ್ಣುಮಕ್ಕಳು ಮನೆಮನೆಯಲ್ಲಿದ್ದಾರೆ. ಇಷ್ಟಿದ್ದೂ ಅವರಿಗೆ ಅರ್ಥವಾಗದಂತೆ ಬರೆದರೆ ಹೊಣೆ ನಮ್ಮದು. ಮುಂದಿನ ಶ್ರಾವಣದೊಳಗೆ ಯಾವ ಮಠದಲ್ಲಿ ಓಲೆಗರಿಯ ಎಷ್ಟು ಕಟ್ಟು ಬಿಚ್ಚಲಾಯಿತು, ಎಷ್ಟು ಚಿಕ್ಕ ಪುಸ್ತಕ ಹಂಚಲಾಯಿತು, ಪ್ರವಚನದ ಪೀಠದಲ್ಲಿ ಎಷ್ಟು ತಾಯಂದಿರು ಕೂತರು ಎಂಬ ಲೆಕ್ಕವನ್ನು ನಮಗೆ ಬರೆದು ತಿಳಿಸಿ. ಈ ಪತ್ರಿಕೆಯ ಪುಟಗಳು ಅದಕ್ಕಾಗಿ ತೆರೆದಿರುತ್ತವೆ.

ಶರಣು ಶರಣಾರ್ಥಿಗಳೊಂದಿಗೆ,
ಸಂಪಾದಕ